ದುರ್ಗದ ಬಾಗಿಲು ಯಾರಿಗೆ ತೆರೆಯಿತು?

ಮೊಬೈಲ್ ಬಿಚ್ಚಿದರೆ ಯುದ್ಧದ ಸರಣಿಗಳದೇ ಸಾಲು. ಜನರನ್ನು ಕಾಯುವ ಯೋಧನೇ ಎಲ್ಲದರಲ್ಲೂ ನಾಯಕ. ಹಾಗಾದರೆ ಇನ್ನೂರೈವತ್ತು ವರ್ಷಗಳ ಹಿಂದೆ ಶಿರಾ, ಮಧುಗಿರಿ, ಕೊರಟಗೆರೆ ಸೀಮೆಯ ಮೇಲೆ ದಂಡು ಹಾಯ್ದಾಗ ಊರವರನ್ನು ಕಾದವರು ಯಾರು? ಯಾರೂ ಕ್ಯಾಮೆರಾ ತಿರುಗಿಸದ ಒಂದು ಕಥೆ ಚನ್ನರಾಯನದುರ್ಗದ ಬುಡದಲ್ಲಿ ಬಿದ್ದಿದೆ.

ಬಡಗಣ ದಿಕ್ಕಿನಲ್ಲಿ ಧೂಳೆದ್ದಿದೆ. ಶಿರಾ ದಾರಿಯಿಂದ ಓಡಿಬಂದ ಆಳು ಊರಬಾಗಿಲ ಕಟ್ಟೆಗೆ ಒರಗಿ, ಏದುಸಿರಲ್ಲೇ ಎರಡು ಮಾತು ಆಡುತ್ತಾನೆ: “ದಂಡು ಬತ್ತೈತೆ.”

ಹೊಲದಲ್ಲಿ ರಾಗಿ ಅರ್ಧ ಕೊಯ್ದಿದೆ, ಅರ್ಧ ನಿಂತಿದೆ. ಅದನ್ನು ನೋಡಿಕೊಂಡು ಕೂರುವ ಹೊತ್ತಲ್ಲ. ಹೊರಲಾರದ ಹಂಡೆ, ಕೊಪ್ಪರಿಗೆ ಹಿತ್ತಲ ಗುಂಡಿಗೆ ಇಳಿಯುತ್ತವೆ. ಹಗೇವಿನ ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮುಚ್ಚಿ, ಮೇಲೆ ಸಗಣಿ ಸಾರಿಸುತ್ತಾರೆ. ಗಂಡಸರ ಬೆನ್ನಿಗೆ ಮೂಟೆ. ಹೆಂಗಸರ ಕಂಕುಳಲ್ಲಿ ಕೂಸು, ತಲೆಯ ಮೇಲೆ ಗಂಟು. ಆರು ವರ್ಷ ದಾಟಿದ ಮಗುವಿನ ಹೆಗಲಿಗೂ ಅದರ ಶಕ್ತಿಗೆ ತಕ್ಕಷ್ಟು ಕಾಳು. ಕತ್ತಲಾಗುವುದರೊಳಗೆ ಊರು ಖಾಲಿ.

ಕೆಲವರು ಕಾಡು ಹಿಡಿಯುತ್ತಾರೆ, ಕೆಲವರು ಗುಡ್ಡದ ಗವಿ. ಉಳಿದವರು ದುರ್ಗದ ಬುಡಕ್ಕೆ ಬಂದು ನಿಲ್ಲುತ್ತಾರೆ. ಅಲ್ಲೊಂದು ಹೆಬ್ಬಾಗಿಲು. ಮೇಲೆ ಕಾವಲಿನವನು. ಅವನು ಅಗುಳಿ ತೆಗೆಯುತ್ತಾನೋ ಇಲ್ಲವೋ?

ದೃಶ್ಯ ಜೋಡಿಸಿದ್ದು ನಾನು. ಆದರೆ ಹೂತಿಟ್ಟ ಪಾತ್ರೆಪರಡಿ, ಆರು ವರ್ಷದ ಮಗುವಿನ ಹೊರೆ ನನ್ನ ಕಲ್ಪನೆಯಲ್ಲ. 1803ರಲ್ಲಿ ಮೈಸೂರಿಗೆ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದ ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ, ದಂಡು ಬರುವಾಗ ನಮ್ಮ ಹಳ್ಳಿಗಳು ಹೇಗೆ ಖಾಲಿಯಾಗುತ್ತಿದ್ದವು ಎಂಬುದನ್ನು ಹೀಗೆಯೇ ಬರೆದಿಟ್ಟಿದ್ದಾನೆ. ಜನ ಇದಕ್ಕೆ ಹೇಳುತ್ತಿದ್ದ ‘ವಲಸೆ’ ಎಂಬ ಮಾತನ್ನೂ ಇಂಗ್ಲಿಷಿಗೆ ತಿರುಗಿಸದೆ ಹಾಗೆಯೇ ಇಟ್ಟುಕೊಂಡಿದ್ದಾನೆ. ತನ್ನ ಕಂಪನಿಯ ಸೈನ್ಯ ಒಂಟಿಯಾಗಿ ಬಂದರೆ ಮಾತ್ರ ಜನ ಊರು ಬಿಡುವುದಿಲ್ಲ ಎಂದೂ ಸೇರಿಸಿದ್ದಾನೆ. ಆ ಕೊನೆಯ ಮಾತನ್ನು ಒಂದು ಚಿಟಿಕೆ ಉಪ್ಪು ಹಾಕಿಕೊಂಡೇ ಓದಬೇಕು.

ರೀಲ್ಸ್ ಹತ್ತಿದ ಬೆಟ್ಟ

ಈಗ ಅದೇ ಬೆಟ್ಟಕ್ಕೆ ಭಾನುವಾರ ಬೆಳಗಾಗುತ್ತಲೇ ಬೈಕುಗಳು ಬರುತ್ತವೆ. ಚನ್ನರಾಯನದುರ್ಗ ಇರುವುದು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ. ಬೆಂಗಳೂರಿನಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಸಮುದ್ರಮಟ್ಟದಿಂದ ಎತ್ತರ 3,700 ಅಡಿಗೂ ಮಿಕ್ಕು.

ಮಧುಗಿರಿಯ ಏಕಶಿಲೆಗೆ ಸಿಕ್ಕ ಹೆಸರು ಇದಕ್ಕೆ ಸಿಕ್ಕಿಲ್ಲ. ಹಾಗಾಗಿ ಗದ್ದಲ ಕಡಿಮೆ. ಬಂಡೆಗೆ ಅಂಟಿದಂತೆ ಏರುವ ಕಲ್ಲಿನ ಗೋಡೆ, ಬಾಯಿ ಬಿಟ್ಟ ಬಾಗಿಲು, ಮಳೆನೀರು ನಿಲ್ಲುವ ದೊಣೆ, ಮೇಲೆ ಗಾಳಿ. ಚಾರಣಕ್ಕೆ ಬಂದ ಹುಡುಗರು ಮುರಿದ ಗೋಡೆಯ ಮೇಲೆ ನಿಂತು ಮೊಬೈಲ್ ಎತ್ತಿದರೆ ಒಬ್ಬನಾದರೂ ಹೇಳದೆ ಇರುವುದಿಲ್ಲ: “ಮಗಾ, ಇಲ್ಲೊಂದು ವಾರ್ ಸೀನ್ ಹೊಡೀಬೋದು ಕಣೋ.”

ಹೊಡೆಯಬಹುದು, ನಿಜ. ಯಾರನ್ನು ನಾಯಕ ಮಾಡುವುದು ಎಂಬುದೇ ಪ್ರಶ್ನೆ.

ಚಾರಣದ ಹುಡುಗರು ಹತ್ತುವುದು ಮಳೆ ನಿಂತ ಮೇಲೆ, ಕಾರ್ತಿಕದಿಂದ ಮಾಘದವರೆಗೆ. ಹಿಂದೆ ದಂಡುಗಳು ಹೊರಡುತ್ತಿದ್ದುದೂ ಅದೇ ತಿಂಗಳುಗಳಲ್ಲಿ. ವಿಜಯದಶಮಿ ಕಳೆದು, ಕೃಷ್ಣೆ ತುಂಗಭದ್ರೆಯರ ನೀರು ಇಳಿದು, ದಾರಿ ಒಣಗಿದರೆ ಕುದುರೆ ಪಡೆ ದಕ್ಷಿಣಕ್ಕೆ ತಿರುಗುತ್ತಿತ್ತು. ಬಯಲುಸೀಮೆಯ ರಾಗಿ ತೆನೆ ಬಲಿತು ನಿಂತಿರುವುದೂ ಆಗಲೇ. ಕುದುರೆಗೆ ಮೇವು, ಸವಾರನಿಗೆ ಊಟ ಹೊಲದಲ್ಲೇ ಸಿದ್ಧ. ದಂಡಿನ ಪಂಚಾಂಗ ಬರೆದವನು ರೈತನ ಪಂಚಾಂಗ ನೋಡಿಯೇ ಬರೆದಿದ್ದ.

ಎಲ್ಲರೂ ಹಾಯ್ದ ದಾರಿ

ಈ ಸೀಮೆಯ ದುರದೃಷ್ಟ ಅದರ ನಕಾಶೆಯಲ್ಲೇ ಇದೆ. ಉತ್ತರದಿಂದ ಶ್ರೀರಂಗಪಟ್ಟಣಕ್ಕೋ ಬೆಂಗಳೂರಿಗೋ ಹೋಗುವ ಸೈನ್ಯಕ್ಕೆ ಶಿರಾ ಒಂದು ತಲೆಬಾಗಿಲು. ಅದನ್ನು ದಾಟಿದರೆ ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗ, ನಿಜಗಲ್ಲು ಹೀಗೆ ಒಂದರ ಹಿಂದೆ ಒಂದು ಗಿರಿದುರ್ಗ.

1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಶಿರಾ ಹಿಡಿದ. 1678ರಲ್ಲಿ ಮೈಸೂರಿನ ಸೈನ್ಯ ಮಧುಗಿರಿಯ ಮಹಾನಾಡ ಪ್ರಭುಗಳಾದ ರಾಮಗೌಡ, ತಿಮ್ಮಗೌಡರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಹತ್ತು ವರ್ಷ ತುಂಬುವುದರೊಳಗೆ ಮೊಗಲರು ಬಂದು ಶಿರಾದಲ್ಲಿ ಸುಬಾ ಸ್ಥಾಪಿಸಿದರು. ಆಮೇಲೆ ಮರಾಠರು. 1761ರಲ್ಲಿ ಹೈದರ್ ಅಲಿ. ಮತ್ತೆ ಮರಾಠರು. ಮತ್ತೆ ಹೈದರ್. ಚನ್ನರಾಯನದುರ್ಗವೂ ಈ ಆಟದಲ್ಲಿ ಕೈಯಿಂದ ಕೈಗೆ ಹೋಗುತ್ತಲೇ ಇತ್ತು.

ಇಷ್ಟು ಸಾಲುಗಳಲ್ಲಿ ಊರಿನವರು ಎಲ್ಲಿದ್ದಾರೆ? ಇಲ್ಲ. ನಮ್ಮ ಪಠ್ಯಪುಸ್ತಕದ ಯುದ್ಧಗಳು ಹೀಗೆಯೇ ಬರೆಯಲ್ಪಟ್ಟಿವೆ, ನಮ್ಮ ಸರಣಿಗಳೂ ಅದನ್ನೇ ನೋಡಿ ಕಲಿತಿವೆ.

ಒಂದು ಕಂತಿಗೆ ಸಾಕಾಗುವಷ್ಟು ನಾಟಕವಂತೂ ರಾಜರ ಕಥೆಯಲ್ಲೂ ಇದೆ. 1763ರಲ್ಲಿ ಬಿದನೂರು ಬಿದ್ದಾಗ ಹೈದರ್ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಮಧುಗಿರಿ ಬೆಟ್ಟದ ಮೇಲೆ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾವ್ ದಂಡೆತ್ತಿ ಬಂದಾಗ ಶಿರಾ ಕಾಯುತ್ತಿದ್ದವನು ಹೈದರನ ಭಾವಮೈದುನ ಮೀರ್ ಅಲಿ ರಜಾ ಖಾನ್. ಅವನು ಕಾಯಲಿಲ್ಲ. ಪೇಶ್ವೆಯ ಜೊತೆ ಮಾತು ಕುದುರಿಸಿಕೊಂಡು ಶಿರಾ ಬಿಟ್ಟುಕೊಟ್ಟ. ಮಧುಗಿರಿಯೂ ಬಿತ್ತು. ರಾಣಿಗೆ ಬಿಡುಗಡೆಯಾಯಿತು, ಆದರೆ ಪುಣೆಯ ದಾರಿಯಲ್ಲೇ ಆಕೆ ತೀರಿಕೊಂಡಳು.

ಆ ವರ್ಷ ಬೆಟ್ಟದ ಕೆಳಗಿನ ಪೇಟೆಯಲ್ಲಿ ಎಷ್ಟು ಮನೆ ಸುಟ್ಟವು ಎಂಬುದನ್ನು ಯಾರೂ ಬರೆದಿಲ್ಲ.

ಬಾಕ್ಸ್: ಬೆಟ್ಟದ ಮೇಲೆ ನೀರು ಎಲ್ಲಿಂದ ಬಂತು?
*ಮಧುಗಿರಿಯ ಕೋಟೆ ಹುಟ್ಟಿದ ಕಥೆಯಲ್ಲಿ ಒಂದು ಕುರಿ ಇದೆ. ತಪ್ಪಿಸಿಕೊಂಡ ಕುರಿ ಬೆಟ್ಟದಿಂದ ಮೈಯೆಲ್ಲ ನೀರಾಗಿ ಇಳಿದು ಬಂತಂತೆ. ಮೇಲೆ ಸೆಲೆಯಿದೆ ಎಂದು ಗೊತ್ತಾದದ್ದು ಹಾಗೆ. ಭೀಮನ ದೊಣೆ, ನವಿಲು ದೊಣೆ ಇಂದಿಗೂ ಹೆಸರಾದವು. ತುದಿಯಲ್ಲಿ ದವಸದ ಕಣಜಗಳು, ತುಪ್ಪ ಮತ್ತು ಎಣ್ಣೆ ತುಂಬಿಡುವ ಗುಂಡಿಗಳು ಇದ್ದವು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ದಾಟಿಯೇ ಅಲ್ಲಿಗೆ ಹೋಗಬೇಕಿತ್ತು.*

ನೇಗಿಲು ಬಿಟ್ಟು ಕೋವಿ ಹಿಡಿದವನು

ಸರಣಿಗಳ ಯೋಧನಿಗೆ ಇಸ್ತ್ರಿ ಮುರಿಯದ ಸಮವಸ್ತ್ರ ಇರುತ್ತದೆ. ಯಾವ ಕೋನದಿಂದ ನೋಡಿದರೂ ಗಡ್ಡ ಒಂದೇ ಅಳತೆ. ನಮ್ಮ ದುರ್ಗಗಳ ಕಾವಲಿನವನಿಗೆ ಸಮವಸ್ತ್ರದ ಮಾತಿರಲಿ, ವರ್ಷವಿಡೀ ಸಂಬಳವೂ ಇರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಅವರನ್ನು ಕಂದಾಚಾರದವರು ಎನ್ನುತ್ತಿದ್ದರು. ಬಿತ್ತನೆಯ ಕಾಲಕ್ಕೆ ಹೊಲ, ಕರೆ ಬಂದರೆ ಕೋಟೆ. ಒಂದಿಷ್ಟು ಭೂಮಿ, ಒಂದಿಷ್ಟು ದುಡ್ಡು ಅವರ ಕೂಲಿ. ಬೇಡರು, ಒಕ್ಕಲಿಗರು, ಕುರುಬರು, ಮುಸಲ್ಮಾನರು ಹೀಗೆ ಸುತ್ತಲ ಊರಿನ ಗಂಡಸರೇ ಗೋಡೆಯ ಮೇಲೆ ನಿಲ್ಲುತ್ತಿದ್ದರು. 1799ರಲ್ಲಿ ಟಿಪ್ಪು ಬಿದ್ದ ಮೇಲೂ ದಿವಾನ್ ಪೂರ್ಣಯ್ಯ ಕಂದಾಚಾರವನ್ನು ಕಿತ್ತೊಗೆಯಲಿಲ್ಲ. ಊರ ಕಾವಲಿಗೂ ಸರ್ಕಾರದ ಚಾಕರಿಗೂ ಅದನ್ನೇ ಬಳಸಿಕೊಂಡರು.

ಅಂದರೆ ದುರ್ಗದ ಬಾಗಿಲ ಮೇಲೆ ನಿಂತವನಿಗೆ ಕೆಳಗೆ ಗಂಟು ಹೊತ್ತು ಬಂದವರು ಅಪರಿಚಿತರಲ್ಲ. ಅವರಲ್ಲಿ ಅವನ ಅತ್ತಿಗೆ ಇರಬಹುದು, ನೆರೆಹೊಲದ ಮಾವ ಇರಬಹುದು. ಸರಣಿಗೆ ಬೇಕಾದ ಬಿಕ್ಕಟ್ಟು ಇಲ್ಲಿದೆ ನೋಡಿ, ಶತ್ರುವಿನ ಫಿರಂಗಿ ಬರುವುದಕ್ಕೂ ಮೊದಲೇ.

ಕೋಟೆ ದೊಡ್ಡದಾಗಿರಲೇಬೇಕು ಎಂದೇನೂ ಇರಲಿಲ್ಲ. ಗುಬ್ಬಿ ತಾಲ್ಲೂಕಿನ ಮೂಗನಾಯಕನಕೋಟೆಯನ್ನೇ ನೋಡಿ. ಬಸ್ಸಿನ ಬೋರ್ಡಿನ ಮೇಲೆ ಅದು ಎಂ.ಎನ್. ಕೋಟೆ. ಗಿರಿಯೂ ಇಲ್ಲ, ದುರ್ಗವೂ ಇಲ್ಲ. ಸುತ್ತ ಮಣ್ಣಿನ ಗೋಡೆ ಇದ್ದ ಹಳ್ಳಿ, ಅಷ್ಟೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಮರಾಠರ ದಂಡೊಂದು ಫಿರಂಗಿ ತಂದು ಅದರ ಮುಂದೆ ಬೀಡುಬಿಟ್ಟಿತು. ಒಳಗಿದ್ದವರು ಊರ ರೈತರು, ಅವರ ಹೆಂಡಿರು ಮಕ್ಕಳು. ಎರಡು ತಿಂಗಳಾಯಿತು. ಊರು ಬಾಗಿಲು ತೆರೆಯಲಿಲ್ಲ. ದಂಡು ಗುಡಾರ ಕಿತ್ತುಕೊಂಡು ಹೋಯಿತು.

ಇದನ್ನು ನಮಗೆ ತಿಳಿಸಿದವನು ಫ್ರಾನ್ಸಿಸ್ ಬುಕನನ್. ಟಿಪ್ಪು ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆ ಹೊತ್ತು ಈ ವೈದ್ಯ ನಾಡೆಲ್ಲ ಸುತ್ತಿದ. ಬೆಳೆ ಏನು, ಮಣ್ಣು ಎಂಥದ್ದು, ಯಾರು ಏನು ಉಣ್ಣುತ್ತಾರೆ ಎಲ್ಲವನ್ನೂ ಕೇಳಿ ಬರೆದುಕೊಂಡ. ಮಧುಗಿರಿ, ಚನ್ನರಾಯನದುರ್ಗದ ಸುತ್ತ ಕಬ್ಬಿಣ ಕರಗಿಸುವುದನ್ನೂ ಕಂಡ. ಮಳೆಗಾಲದಲ್ಲಿ ಬಂಡೆಗಳಿಂದ ಕೊಚ್ಚಿಬಂದ ಕರಿಮರಳನ್ನು ಗೋರಿ, ಇದ್ದಿಲ ಕುಲುಮೆಯಲ್ಲಿ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರು. ಕುಡುಗೋಲು, ನೇಗಿಲ ಗುಳ, ಭರ್ಜಿಯ ಮೊನೆ ಎಲ್ಲದಕ್ಕೂ ಬೇಕಾದ ಕಬ್ಬಿಣ ಈ ಬೆಟ್ಟಗಳ ತಪ್ಪಲಲ್ಲೇ ಹುಟ್ಟುತ್ತಿತ್ತು.

ಮೂಗನಾಯಕನಕೋಟೆಯಲ್ಲಿ ಗೋಡೆ ಕಾದವರ ಒಂದೇ ಒಂದು ಹೆಸರೂ ಮನೆಮಾತಾಗಿಲ್ಲ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಅಚ್ಚುಕಟ್ಟು. ತುಮಕೂರು ಜಿಲ್ಲೆಯ ಯಾವ ಹೋಬಳಿಗೆ ಹೋದರೂ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ಒಂದು ವೀರಗಲ್ಲು ಸಿಗುತ್ತದೆ. ಊರಳಿವಿನಲ್ಲಿ ಸತ್ತವನಿಗೆ, ತುರುಗಳನ್ನು ಬಿಡಿಸಿ ತಂದವನಿಗೆ, ಹೆಣ್ಣಿನ ಮಾನ ಉಳಿಸಲು ಹೋಗಿ ಮಡಿದವನಿಗೆ ಊರೇ ನಿಲ್ಲಿಸಿದ ಕಲ್ಲು. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಮೂರು ಕಂತಿನಲ್ಲಿ ಮುಗಿಯುವ ಸರಣಿ ಅದು, ಎಳೆತ ಇಲ್ಲ, ಎರಡನೇ ಸೀಸನ್ನಿನ ಆಸೆಯೂ ಇಲ್ಲ.

ಸಾಮಾನ್ಯರನ್ನು ಕಾಯುವ ಸೈನಿಕನ ಕಥೆಯನ್ನು ಕನ್ನಡ ನಾಡು ಸಾವಿರ ವರ್ಷಗಳ ಹಿಂದೆಯೇ ಹೇಳಿ ಮುಗಿಸಿತ್ತು. ಕೋವಿ, ಫಿರಂಗಿಗಳ ಕಾಲಕ್ಕೆ ಬರುವ ಹೊತ್ತಿಗೆ ಕಲ್ಲು ನಿಲ್ಲಿಸುವ ರೂಢಿ ಬಹುಮಟ್ಟಿಗೆ ಸತ್ತಿತ್ತು. ಸೈನ್ಯ ದೊಡ್ಡದಾಯಿತು, ಸಾಯುವವರು ಹೆಚ್ಚಾದರು, ಹೆಸರು ಬರೆಯುವವರು ಇಲ್ಲವಾದರು.

ಹೊಟ್ಟೆಗಳ ಲೆಕ್ಕ

ಮತ್ತೆ ಆ ಬಾಗಿಲಿನ ಮಾತಿಗೆ ಬರೋಣ. ಒಳಗೆ ಬಿಡುವುದೇನೋ ಧರ್ಮ. ಆದರೆ ಕಿಲ್ಲೇದಾರನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿರುತ್ತದೆ. ಕಣಜದಲ್ಲಿ ಇಷ್ಟು ಖಂಡುಗ ರಾಗಿ. ಕಾಳಗಕ್ಕೆ ನಿಲ್ಲುವವರು ಇಷ್ಟು ಜನ. ಹೆಂಗಸು, ಮಕ್ಕಳು, ಮುದುಕರು ಸೇರಿದರೆ ಆರು ತಿಂಗಳ ದವಸ ಎರಡು ತಿಂಗಳಿಗೆ ಬರಿದು. ದೊಣೆಯ ನೀರಿನದೂ ಅದೇ ಗತಿ.

ಈ ಲೆಕ್ಕ ನಮ್ಮೊಬ್ಬರದೇ ಅಲ್ಲ. 1203ರ ಚಳಿಗಾಲದಲ್ಲಿ ಫ್ರಾನ್ಸಿನ ನಾರ್ಮಂಡಿಯ ಶಾತೋ ಗಯಾರ್ ಕೋಟೆಯನ್ನು ರಾಜ ಫಿಲಿಪ್ ಮುತ್ತಿದ್ದ. ಕೆಳಗಿನ ಊರಿನವರು ಒಳಗೆ ಸೇರಿಕೊಂಡಿದ್ದರು. ದವಸ ಕರಗತೊಡಗಿದಾಗ ಕೋಟೆಯ ಅಧಿಪತಿ ಅವರನ್ನು ಹೊರಗೆ ಅಟ್ಟಿದ. ಮುತ್ತಿಗೆ ಹಾಕಿದವರು ದಾರಿ ಬಿಡಲಿಲ್ಲ. ಎರಡು ಸೈನ್ಯಗಳ ನಡುವಿನ ಬರಡು ನೆಲದಲ್ಲಿ ಸಿಕ್ಕಿಕೊಂಡ ಆ ಜನರಲ್ಲಿ ಹಲವರು ಹಸಿವಿನಿಂದ ಸತ್ತರು. ಅವರಿಗೆ ಚರಿತ್ರೆಕಾರರು ಇಟ್ಟ ಹೆಸರು ‘ಕೆಲಸಕ್ಕೆ ಬಾರದ ಬಾಯಿಗಳು’.

ನಮ್ಮ ದುರ್ಗಗಳು ಒಂದು ನಡುದಾರಿ ಹಿಡಿದಿದ್ದವು. ಮೇಲೆ ಕಲ್ಲಿನ ಕೋಟೆ, ಕೆಳಗೆ ಪೇಟೆ, ಪೇಟೆಗೂ ಒಂದು ಹೊರಗೋಡೆ. ಸುಲಿಗೆಗೆ ಬಂದ ಕುದುರೆ ಸವಾರರ ಗುಂಪನ್ನು ತಡೆಯಲು ಅದು ಸಾಕು. ಫಿರಂಗಿ ಹೊತ್ತು ಬಂದ ಸೈನ್ಯಕ್ಕೆ ಸಾಲದು. ಅಂಥ ಹೊತ್ತಿನಲ್ಲಿ ಸೈನಿಕ ಮೇಲೆ ಹತ್ತಿ ಬಾಗಿಲು ಜಡಿದುಕೊಳ್ಳುತ್ತಿದ್ದ, ಪೇಟೆ ಕೆಳಗೇ ಉಳಿಯುತ್ತಿತ್ತು.

ಮೂರನೇ ಮೈಸೂರು ಯುದ್ಧದಲ್ಲಿ ಮರಾಠರ ಬಲವಂತರಾವ್ ಮಧುಗಿರಿಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ. ಕೋಟೆ ಬೀಳಲಿಲ್ಲ. ಹೈದರನ ಕಾಲದಲ್ಲಿ ಬೆಳೆದಿದ್ದ, ಟಿಪ್ಪು ಫತೇಹಾಬಾದ್ ಎಂದು ಹೆಸರಿಟ್ಟಿದ್ದ ಆ ವ್ಯಾಪಾರದ ಊರು ಮಾತ್ರ ಹಾಳುಬಿದ್ದಿತು. ಸೈನಿಕನ ಲೆಕ್ಕದಲ್ಲಿ ಅದು ಗೆಲುವು. ಪೇಟೆಯ ಮಗ್ಗದವನ ಲೆಕ್ಕದಲ್ಲಿ ಏನು?

ಬಾಕ್ಸ್: ಕಾಯುವುದು ಕಾನೂನಾದದ್ದು
*ಯುದ್ಧಕಾಲದಲ್ಲಿ ನಾಗರಿಕರನ್ನು ರಕ್ಷಿಸುವ ನಾಲ್ಕನೇ ಜಿನೀವಾ ಒಪ್ಪಂದ ಅಂಗೀಕಾರವಾದದ್ದು 1949ರ ಆಗಸ್ಟ್ 12ರಂದು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ‘ನಾಗರಿಕರನ್ನು ಕಾಯಿರಿ’ ಎಂದು ಭದ್ರತಾ ಮಂಡಳಿ ಬಾಯಿಬಿಟ್ಟು ಆದೇಶಿಸಿದ್ದು ಅದಕ್ಕೂ ಐವತ್ತು ವರ್ಷದ ನಂತರ, 1999ರಲ್ಲಿ, ಸಿಯೆರಾ ಲಿಯೋನ್ ಪಡೆಯನ್ನು ರಚಿಸುವಾಗ.*

ಕಾಯುವವನೇ ಕಿತ್ತಾಗ

ದಂಡು ಎಂದರೆ ಹೊರಗಿನವರು, ಕಾಯುವವರು ನಮ್ಮವರು ಎಂದು ಗೆರೆ ಎಳೆದರೆ ಸರಣಿ ಬರೆಯುವುದು ಸುಲಭ. ಚರಿತ್ರೆ ಅಷ್ಟು ಉಪಕಾರಿಯಲ್ಲ.

ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಶ್ರೀರಂಗಪಟ್ಟಣದ ಹತ್ತಿರ ಗಂಜಾಂ ಪೇಟೆ ಕಟ್ಟಿದವನು ಟಿಪ್ಪುವೇ. ಮೊಗಲರ ಕಾಲದಿಂದ ಮೆರೆದಿದ್ದ ಶಿರಾ ಆಮೇಲೆ ಹಿಂದಿನಂತೆ ಆಗಲಿಲ್ಲ. ಮರಾಠರಿಗೆ ಮೇವು ದಕ್ಕಬಾರದೆಂದು ತನ್ನದೇ ಸೀಮೆಯ ಹೊಲ ಸುಡಿಸಿದ, ಕೆರೆಬಾವಿ ಕೆಡಿಸಿದ ತಂತ್ರ ಹೈದರನದು. ಉರಿದದ್ದು ಅವನದೇ ಪ್ರಜೆಗಳ ಬೆಳೆ.

ಇನ್ನು ನಿಜಗಲ್ಲು. ನೆಲಮಂಗಲ ತಾಲ್ಲೂಕಿನ ಈ ದುರ್ಗವನ್ನು 1770ರಲ್ಲಿ ಪೇಶ್ವೆ ಮಾಧವರಾವ್ ಮುತ್ತಿದಾಗ ಒಳಗಿದ್ದವನು ಹೈದರನ ಕಿಲ್ಲೇದಾರ ಸರ್ದಾರ್ ಖಾನ್. ತಿಂಗಳುಗಳಾದರೂ ಬಗ್ಗಲಿಲ್ಲ. ಕೊನೆಗೆ ಲಗ್ಗೆ ಹತ್ತಿ ಅದನ್ನು ಗೆದ್ದವರು ಪುಣೆಯವರಲ್ಲ, ಪೇಶ್ವೆಯ ಜೊತೆಗೆ ಬಂದಿದ್ದ ನಮ್ಮ ಚಿತ್ರದುರ್ಗದ ಬೇಡರು. ಸಿಟ್ಟಾಗಿದ್ದ ಪೇಶ್ವೆ ಸಿಕ್ಕವರ ಮೂಗು, ಕಿವಿ ಕೊಯ್ಯಿಸಿದ. ಸರ್ದಾರ್ ಖಾನನ ಸರದಿ ಬಂದಾಗ, ಈ ಅವಮಾನ ಕೊಯ್ಯಿಸಿದವನಿಗೇ ಅಂಟುವುದು ಎಂಬರ್ಥದ ಮಾತಾಡಿದನಂತೆ. ಪೇಶ್ವೆ ನಾಚಿ ಅವನನ್ನು ಹಾಗೆಯೇ ಬಿಟ್ಟ. ಕಿಲ್ಲೇದಾರನಿಗೆ ಮಾತು ಬಂತು, ಮೂಗು ಉಳಿಯಿತು. ಅವನ ಕೈಕೆಳಗಿನವರಿಗೆ ಮಾತಾಡುವ ಅವಕಾಶವೇ ಸಿಕ್ಕಿರಲಿಲ್ಲ.

ಸುಲಿಗೆಯ ಮಾಲು ಎಲ್ಲಿಗೆ ಹೋಗುತ್ತಿತ್ತು? 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಿಂದ ಹಸಿದು ಹಿಂದಿರುಗುತ್ತಿದ್ದ ಕಾರ್ನ್‌ವಾಲಿಸನ ಸೈನ್ಯಕ್ಕೆ ಮರಾಠರ ಬೀಡು ಎದುರಾಯಿತು. ಆ ಬೀಡಿನ ಸಂತೆಯನ್ನು ಕಂಡು ಇಂಗ್ಲಿಷರು ದಂಗಾದರು. ಕಾಶ್ಮೀರದ ಶಾಲಿನಿಂದ ಹಿಡಿದು ಯಾರೋ ಉಟ್ಟು ಹಳತಾದ ಬಟ್ಟೆಯವರೆಗೆ ಎಲ್ಲವೂ ಅಲ್ಲಿ ಮಾರಾಟಕ್ಕಿತ್ತು. ಆ ಹಳೆಬಟ್ಟೆ ಯಾವ ಊರಿನದು, ಯಾರ ಮೈಮೇಲಿನದು? ವೇಷಭೂಷಣದ ವಿಭಾಗದವರು ಒಮ್ಮೆ ಯೋಚಿಸಲಿ.

ಪರದೆಯ ಮೇಲೆ ಸಿಕ್ಕದ್ದು

ಕನ್ನಡದ ಪರದೆಯ ಮೇಲೆ ಕೋಟೆ ಕಾದ ಸಾಮಾನ್ಯಳೆಂದರೆ ಒಬ್ಬಳೇ, ಒನಕೆ ಓಬವ್ವ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಆ ಪಾತ್ರ ಮಾಡಿದ್ದು ಒಂದೇ ಹಾಡಿನಷ್ಟು ಹೊತ್ತು. ಪುಟ್ಟಣ್ಣ ಕಣಗಾಲ್ ಅಷ್ಟರಲ್ಲೇ ಮಾಡಬೇಕಾದ್ದನ್ನು ಮಾಡಿ ಮುಗಿಸಿದರು. ಅಂದಿನಿಂದ ಚಿತ್ರದುರ್ಗ ಎಂದರೆ ಮದಕರಿಯಷ್ಟೇ ಓಬವ್ವನೂ ನೆನಪಾಗುತ್ತಾಳೆ. ಕಾವಲುಗಾರನ ಹೆಂಡತಿ, ಕೈಯಲ್ಲಿ ಅಡುಗೆಮನೆಯ ಪಕ್ಕದ ಒನಕೆ. ನನ್ನ ಮಟ್ಟಿಗೆ ನಮ್ಮ ಯುದ್ಧಕಥೆಗಳಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೂ ಬಂದಿಲ್ಲ.

ದೊಡ್ಡ ಪ್ರಮಾಣದ ಯುದ್ಧ ಸರಣಿ ಕರ್ನಾಟಕದ ನೆಲದಲ್ಲಿ ಚಿತ್ರೀಕರಣವಾದದ್ದೂ ಉಂಟು. ಅದರ ನೆನಪು ಕಹಿ. ದೂರದರ್ಶನಕ್ಕಾಗಿ ಸಂಜಯ್ ಖಾನ್ ನಿರ್ಮಿಸುತ್ತಿದ್ದ ಹಿಂದಿ ಸರಣಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ಗೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಸೆಟ್ ಹಾಕಲಾಗಿತ್ತು. 1989ರ ಫೆಬ್ರವರಿ 8ರಂದು ಅಲ್ಲಿ ಬೆಂಕಿ ಹತ್ತಿತು. 62 ಮಂದಿ ಸತ್ತರು. ಸುಟ್ಟಗಾಯಗಳಾದ ಸಂಜಯ್ ಖಾನ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಮರುವರ್ಷ ಸರಣಿ ಪ್ರಸಾರವಾಯಿತು, ದೇಶವೇ ನೋಡಿತು. ಯುದ್ಧದ ನಾಟಕ ಆಡುವಾಗಲೂ ಬಾಗಿಲ ಬಳಿ ಸಿಕ್ಕಿಕೊಂಡವರು ಕೂಲಿ ಕೆಲಸಗಾರರು, ಸಹಕಲಾವಿದರು, ತಂತ್ರಜ್ಞರು.

ಹೊರಗಿನವರು ಈ ವಸ್ತುವನ್ನು ಹೇಗೆ ಹಿಡಿದರು ಎಂದು ನೋಡಬೇಕೆನಿಸಿದರೆ 1999ರ ಬಿಬಿಸಿಯ ‘ವಾರಿಯರ್ಸ್’ ನೋಡಿ, ಎರಡೇ ಕಂತು. ಬೋಸ್ನಿಯಾಕ್ಕೆ ಹೋದ ಬ್ರಿಟಿಷ್ ಶಾಂತಿಪಾಲಕರ ಕಥೆ. ಕಣ್ಣೆದುರೇ ಊರು ಉರಿಯುತ್ತದೆ. ಕೈಯಲ್ಲಿ ಬಂದೂಕಿದೆ, ಆದರೆ ಜನರನ್ನು ವಾಹನಕ್ಕೆ ಹತ್ತಿಸಿಕೊಂಡು ಕರೆದೊಯ್ಯಲು ಆಜ್ಞೆ ಇಲ್ಲ. ಕಾಯಲಾಗದ ಸೈನಿಕ ಊರಿಗೆ ಮರಳಿ ಒಳಗೊಳಗೇ ಮುರಿಯುತ್ತಾನೆ. ಒಂದೂ ಜಯಘೋಷ ಇಲ್ಲ.

ನಮ್ಮಲ್ಲಿ ಅಂಥ ಕಥೆಗೆ ಬರ ಇಲ್ಲ. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ 2008ರ ನವೆಂಬರ್ 28ರಂದು ಮುಂಬೈ ತಾಜ್ ಹೋಟೆಲಿನಲ್ಲಿ ಒತ್ತೆಯಾಳುಗಳನ್ನು ಬಿಡಿಸುವ ಕಾರ್ಯಾಚರಣೆಯಲ್ಲಿ ಮಡಿದರು. ಅಶೋಕ ಚಕ್ರ ಬಂತು. 2022ರಲ್ಲಿ ‘ಮೇಜರ್’ ಸಿನಿಮಾ ಬಂತು, ತೆಲುಗು ಮತ್ತು ಹಿಂದಿಯಲ್ಲಿ. ಯಲಹಂಕದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಕನ್ನಡದಲ್ಲಿ ಅವರನ್ನು ಕುರಿತ ಸರಣಿಯನ್ನು ಇನ್ನೂ ಯಾರೂ ಕೈಗೆತ್ತಿಕೊಂಡಿಲ್ಲವೇಕೆ ಎಂದು ನಿರ್ಮಾಪಕರನ್ನೇ ಕೇಳಬೇಕು.

ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯನವರ ಬದುಕಂತೂ ಪೂರ್ತಿ ಸರಣಿ. 1948ರ ನವೆಂಬರ್‌ನಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಹಿಂದಿನ ವರ್ಷ ಅವರು ಇದ್ದದ್ದು ಪಂಜಾಬಿನಲ್ಲಿ. ವಿಭಜನೆಯ ಗಲಭೆ ತಡೆಯಲು ಕಟ್ಟಿದ ಗಡಿ ಪಡೆ ಒಂದು ತಿಂಗಳಲ್ಲೇ ವಿಸರ್ಜನೆಯಾಯಿತು. ಆಮೇಲೆ ನಿರಾಶ್ರಿತರ ಸಾಲುಗಳನ್ನು ಗಡಿಯ ಆಚೀಚೆ ದಾಟಿಸುವ ಹೊಣೆ ಹೊತ್ತ ನಾಲ್ಕನೇ ಡಿವಿಷನ್ನಿಗೆ ತಿಮ್ಮಯ್ಯ ದಳಪತಿಯಾದರು. ಕೊನೆಯ ಕಂತು ಸೈಪ್ರಸ್‌ನಲ್ಲಿ. ಗ್ರೀಕರೂ ತುರ್ಕರೂ ಬಡಿದಾಡುತ್ತಿದ್ದ ಆ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರ ಡಿಸೆಂಬರ್ 18ರಂದು, ತೀರಿಕೊಂಡರು. ಸೈಪ್ರಸ್ ಅವರ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕೊಡಗಿಗೆ ಹೋದವರು ರಾಜಾಸೀಟಿನಷ್ಟೇ ಹೊತ್ತು ಅಲ್ಲೂ ಕಳೆಯಬಹುದು.

ಬಾಕ್ಸ್: ಬೆಟ್ಟ ಹತ್ತುವವರಿಗೆ
*ಕೊರಟಗೆರೆಯಿಂದಲೂ ಮಧುಗಿರಿಯಿಂದಲೂ ಚನ್ನರಾಯನದುರ್ಗ ತಲುಪಬಹುದು. ಬಿಸಿಲೇರುವ ಮುಂಚೆ ಹತ್ತಬೇಕು. ಬಂಡೆ ಕಡಿದಾಗಿದೆ, ಮಳೆಯಲ್ಲಿ ಜಾರುತ್ತದೆ. ಕುಡಿಯುವ ನೀರು ಕೆಳಗಿನಿಂದಲೇ ಹೊತ್ತುಕೊಂಡು ಹೋಗಿ. ಗೋಡೆಯ ಕಲ್ಲು ಕೀಳಬೇಡಿ, ಹೆಸರು ಕೆತ್ತಬೇಡಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ದಿನ ಉಳಿದರೆ ಶಿರಾ ಕೋಟೆ, ಸಿದ್ಧರಬೆಟ್ಟ ಅಥವಾ ಪಾವಗಡದ ಬೆಟ್ಟವನ್ನೂ ನೋಡಬಹುದು.*

ಕಥೆ ಬರೆಯುವವರಿಗೆ

ಸಾಮಗ್ರಿ ಸಿಗುವುದಿಲ್ಲ ಎಂದು ಯಾರೂ ನೆಪ ಹೇಳುವಂತಿಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೇ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದು. ವೀರಗಲ್ಲುಗಳ ಬರಹ ಅಲ್ಲಿದೆ, ಯಾವ ಊರಿನ ಯಾರ ಮಗ ಯಾವ ಕಾಳಗದಲ್ಲಿ ಸತ್ತ ಎಂಬುದು ಹೆಸರು ಸಮೇತ. ಕರ್ನಲ್ ಮೆಕೆಂಜಿ ಊರೂರಿನ ಹಿರಿಯರಿಂದ ಬರೆಸಿಕೊಂಡ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ ಕೊಟ್ಟಿದ್ದಾರೆ. ಬುಕನನ್ನನ ಪ್ರವಾಸ ಇದೆ, ವಿಲ್ಕ್ಸ್ ಇದ್ದಾನೆ, ರೈಸರ ಗೆಜೆಟಿಯರ್ ಇದೆ.

ಓದುವಾಗ ಒಂದು ಎಚ್ಚರ. ಇವರಲ್ಲಿ ಇಂಗ್ಲಿಷರಾದವರಿಗೆ ಹೈದರ್, ಟಿಪ್ಪು, ಮರಾಠರು ಎಲ್ಲರೂ ಕ್ರೂರಿಗಳು, ಕಂಪನಿ ಒಂದೇ ಸಾಧು. ಪೇಟೆ ಸುಲಿಯುವುದರಲ್ಲಿ ಕಂಪನಿಯ ಸಿಪಾಯಿಗಳೂ ಹಿಂದೆ ಬೀಳಲಿಲ್ಲ ಎಂಬುದಕ್ಕೆ 1791ರ ಮಾರ್ಚ್‌ನ ಬೆಂಗಳೂರು ಪೇಟೆಯೇ ಸಾಕ್ಷಿ. ಯಾರ ಧ್ವಜ ಹಾರುತ್ತಿತ್ತು ಎಂಬುದನ್ನು ಪಕ್ಕಕ್ಕಿಟ್ಟು, ಯಾರ ಮನೆ ಉರಿಯಿತು ಎಂದು ಹುಡುಕುತ್ತ ಓದಿದರೆ ಈ ಪುಸ್ತಕಗಳಿಂದ ಬೇರೆಯೇ ಕಥೆ ಹೊರಬರುತ್ತದೆ.

ಹಾಗೆ ಓದಿದವರು ಚನ್ನರಾಯನದುರ್ಗದಲ್ಲಿ ಸರಣಿ ತೆಗೆಯುವುದಾದರೆ ನನ್ನ ಕೋರಿಕೆ ಇಷ್ಟು. ಡ್ರೋನ್ ಹಾರಿಸುವ ಮೊದಲು ಕ್ಯಾಮೆರಾವನ್ನು ಕೆಳಗಿನ ಪೇಟೆಯಲ್ಲಿ ಇಡಿ. ಕಂದಾಚಾರದವನಿಗೆ ಒಂದು ಹೆಸರು ಕೊಡಿ, ಅವನ ಹೆಂಡತಿಗೂ ಕೊಡಿ. ಸಂಭಾಷಣೆ ಶಿರಾ, ಪಾವಗಡದ ಮಾತಿನಲ್ಲೇ ಇರಲಿ, ಅರಮನೆ ಕನ್ನಡ ಬೇಡ. ಸೆಟ್ ಹಾಕಿದರೆ ಬೆಂಕಿ ನಂದಿಸುವ ಏರ್ಪಾಡು ಮಾಡಿದ ಮೇಲೆಯೇ ದೀಪ ಹಚ್ಚಿ. ಮೊದಲ ಕಂತು ಮೂಗನಾಯಕನಕೋಟೆಯ ಮಣ್ಣುಗೋಡೆಯಿಂದ ಶುರುವಾಗಲಿ. ಸುಲ್ತಾನ, ಪೇಶ್ವೆ, ಲಾರ್ಡ್ ಕಾರ್ನ್‌ವಾಲಿಸ್ ಮೂವರೂ ನಾಲ್ಕನೇ ಕಂತಿನ ತನಕ ಹೊರಗೆ ಕಾಯಲಿ.